ಮೇಲ್ಮುದ್ದೆ, ಪರ್ಸಿ, ಪತ್ರಾಸ್

ಕೇಳುಗರೇ, ನಮಸ್ಕಾರ. ಇವತ್ತು ನಮ್ಮ ಕಡೆಯ ಮನೆಗಳ ಸೂರಿನ ಬಗ್ಗೆ ಮಾತು.

ರೋಹಿಣಿ ಮಳೆ ಬರುವ ಮೊದಲು ನಮ್ಮ ಅಜ್ಜ ಮಾಳಿಗೆ, ಅಂದರೆ ಮನೆಯ ಮಣ್ಣಿನ ಸೂರು, ಹತ್ತುತ್ತಿದ್ದರು. ಜೇವರ್ಗಿ ಕಡೆಯ ಹಳ್ಳಿ ನಮ್ಮದು. ಬರಿಗಾಲಲ್ಲಿ ಇಡೀ ಮಾಳಿಗೆ ಒಂದು ಸುತ್ತು ನಡೆಯುವರು. ಕಾಲಿಗೆ ಎಲ್ಲಾದರೂ ಸಡಿಲ ಅನಿಸಿದರೆ ಅಲ್ಲೇ ನಿಂತು, "ತಮ್ಮಾ, ಇಲ್ಲೊಂದು ಪುಟ್ಟಿ ಸವಳು ತಾ" ಅನ್ನುವರು. ನಾನು ಏಣಿ ಹತ್ತಿ ಸವಳು ಮಣ್ಣು ಕೊಡುತ್ತಿದ್ದೆ. ಅವರು ಸುರಿದು, ನೀರು ಚಿಮುಕಿಸಿ, ದಿಮ್ಮಸೆಯಿಂದ ಬಡಿಯುವರು.

ಊರ ಸುತ್ತ ಅಷ್ಟೊಂದು ಎರೆಮಣ್ಣು ಇದೆ. ಅದನ್ನು ಬಿಟ್ಟು ಹಳ್ಳದ ದಂಡೆಗೆ ಬಂಡಿ ಹೊಡೆದು ಸವಳು ತರುವುದು ಯಾಕೆ ಅಂತ ನನಗೆ ಆಗ ಗೊತ್ತಿರಲಿಲ್ಲ. ಎರೆಮಣ್ಣು ನೀರು ಕುಡಿದು ಉಬ್ಬುತ್ತದೆ, ಬಿಸಿಲಿಗೆ ಬಿರಿಯುತ್ತದೆ. ಮಾಳಿಗೆಗೆ ಅದು ಶತ್ರು. ಸವಳಿನಲ್ಲಿ ಸೋಡಿಯಂ ಜಾಸ್ತಿ. ಹಸಿಯಾದ ಕೂಡಲೇ ಅದರ ಕಣಗಳು ಬಿಡಿಬಿಡಿಯಾಗಿ ಸಣ್ಣ ಸಣ್ಣ ರಂಧ್ರಗಳನ್ನೂ ಮುಚ್ಚಿಬಿಡುತ್ತವೆ. ನೀರು ಒಳಗಿಳಿಯದೆ ಮೇಲಿಂದಲೇ ದೋಣಿಗೆ, ಅಂದರೆ ನೀರು ಹೊರಬೀಳುವ ಕೊಳವೆಗೆ, ಹರಿಯುತ್ತದೆ. ಇನ್ನೊಂದು ಲಾಭ, ಅದರಲ್ಲಿ ಹುಲ್ಲು ಸರಿಯಾಗಿ ಬೆಳೆಯುವುದಿಲ್ಲ. ಬೇರು ಇಳಿದು ತೂತು ಬೀಳುವ ಭಯ ಕಡಿಮೆ. ಹೊಲಕ್ಕೆ ಬೇಡವಾದ ಮಣ್ಣನ್ನು ತಲೆಯ ಮೇಲೆ ಇಟ್ಟುಕೊಂಡರಲ್ಲ, ಆ ಹಿರಿಯರ ಬುದ್ಧಿಗೆ ನಾನು ಇಂದಿಗೂ ಕೈ ಮುಗಿಯುತ್ತೇನೆ.

ಈ ಮಣ್ಣಿನ ಹೊದಿಕೆಗೆ ಮೇಲ್ಮುದ್ದೆ ಅಂತ ಹೆಸರು. ಕೆಳಗಿನಿಂದ ಲೆಕ್ಕ ಹಾಕಿದರೆ ಕಂಬ, ಅದರ ತಲೆಗೆ ಬೋದಿಗೆ, ಬೋದಿಗೆಯ ಮೇಲೆ ತೊಲೆ, ತೊಲೆಗೆ ಅಡ್ಡವಾಗಿ ಜಂತಿ. ಜಂತಿಯ ಮೇಲೆ ನಮ್ಮ ಮನೆಯಲ್ಲಿ ತೊಗರಿ ಕಟ್ಟಿಗೆ, ಬೇವಿನ ಸೊಪ್ಪು ಹಾಸಿದ್ದರು. ಸುತ್ತ ಕುಂಬಿ ಎಂಬ ಗಿಡ್ಡ ಗೋಡೆ, ನಡುವೆ ಬೆಳಕಿಂಡಿ. ಮೇ ತಿಂಗಳ ಮಧ್ಯಾಹ್ನ ಹೊರಗೆ ಕಾಲಿಡಲು ಆಗುತ್ತಿರಲಿಲ್ಲ. ಒಳಗೆ ಮಾತ್ರ ತಣ್ಣಗೆ ನಿದ್ದೆ ಬರುತ್ತಿತ್ತು.

ಶಹಾಬಾದ್, ಚಿತ್ತಾಪುರ, ಸೇಡಂ ಕಡೆ ಹೋದರೆ ಮಣ್ಣಿನ ಬದಲು ಪರ್ಸಿ. ಅದು ಸುಣ್ಣದ ಕಲ್ಲು. ನೆಲದೊಳಗೇ ಪದರ ಪದರವಾಗಿ ಇರುವುದರಿಂದ ಹಲಗೆಯ ಹಾಗೆ ಏಳುತ್ತದೆ. ಗರ್ಡರ್ ಎಂಬ ಕಬ್ಬಿಣದ ತೊಲೆ ಅಥವಾ ಹಳೆಯ ರೈಲು ಕಂಬಿ ಇಟ್ಟು ಅದರ ಮೇಲೆ ಹಾಸುತ್ತಾರೆ. ಕಲ್ಲು ಭಾರ ಹೊರುತ್ತದೆ, ಆದರೆ ಬಾಗುವುದಿಲ್ಲ, ಮುರಿಯುತ್ತದೆ. ಹಾಗಾಗಿ ಗರ್ಡರುಗಳ ನಡುವಿನ ಅಂತರ ಕಡಿಮೆ ಇರಬೇಕು. ಎರಡು ಕಲ್ಲು ಸೇರುವ ಸಂದಿ ಗರ್ಡರಿನ ನಡುಮಧ್ಯಕ್ಕೇ ಬರಬೇಕು. ಹಾಸುವ ಮೊದಲು ಪ್ರತಿ ಕಲ್ಲನ್ನೂ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ. ಖಣ್ ಅಂದರೆ ಗಟ್ಟಿ. ಥಪ್ ಅಂದರೆ ಒಳಗೆ ಬಿರುಕಿದೆ, ಅದನ್ನು ಪಕ್ಕಕ್ಕಿಡಿ.

ಈಗ ಜಾಸ್ತಿ ಜನ ಹಾಕಿಸುವುದು ಪತ್ರಾಸ್, ಅಂದರೆ ತಗಡಿನ ಶೀಟ್. ನಾನೂ ದನದ ಕೊಟ್ಟಿಗೆಗೆ ಹಾಕಿಸಿದೆ. ಕೆಲಸಕ್ಕೆ ಬಂದವರು ಅಲೆಯಂತಿರುವ ತಗಡಿನ ತಗ್ಗಿನಲ್ಲಿ ಮೊಳೆ ಹೊಡೆದು ಹೋದರು. ಮೊದಲ ಮಳೆಗೇ ಪ್ರತಿ ಮೊಳೆಯೂ ಒಂದೊಂದು ನಲ್ಲಿಯಾಯಿತು. ನೀರು ಹರಿಯುವುದೇ ತಗ್ಗಿನಲ್ಲಿ, ಅಲ್ವಾ? ತೂತು ಇರಬೇಕಾದ್ದು ಉಬ್ಬಿನ ಮೇಲೆ. ಅಲ್ಲಿ ತುದಿ ಕೊಕ್ಕೆಯಂತೆ ಬಾಗಿದ ಜೆ-ಬೋಲ್ಟ್ ಹಾಕಿ, ಕೆಳಗಿನ ಪೈಪಿಗೆ ಕೊಕ್ಕೆ ಸಿಕ್ಕಿಸಿ, ವಾಷರ್ ಇಟ್ಟು ಬಿಗಿಯಬೇಕು. ವಾಷರ್ ಚಪ್ಪಟೆಯಾಗುವಷ್ಟು ಬಿಗಿದರೆ ಅದೂ ಸೋರುತ್ತದೆ.

ಇನ್ನೊಂದು ಗುಟ್ಟು. ಶೀಟುಗಳನ್ನು ಕೆಳಗಿನ ಅಂಚಿನಿಂದ ಮೇಲಕ್ಕೆ ಹಾಸಬೇಕು, ಮೇಲಿನದು ಕೆಳಗಿನದರ ಮೇಲೆ ಕೂರಬೇಕು. ಅಡ್ಡಕ್ಕೆ ಹಾಸುವಾಗ ಪೂರ್ವದ ಕಡೆಯಿಂದ ಶುರು ಮಾಡಿ. ನಮ್ಮಲ್ಲಿ ಮಳೆಗಾಲದ ಗಾಳಿ ಪಶ್ಚಿಮದಿಂದ ಬೀಸುತ್ತದೆ. ಹಾಗೆ ಹಾಸಿದರೆ ಒಂದರ ಮೇಲೊಂದು ಬಂದ ಅಂಚು ಗಾಳಿಗೆ ಬಾಯಿ ತೆರೆಯುವುದಿಲ್ಲ. ಪತ್ರಾಸ್ ಹಾರಬಾರದು ಅಂತ ಮೇಲೆ ಕಲ್ಲು ಹೇರುವುದನ್ನು ದಯವಿಟ್ಟು ಬಿಡಿ. ಬಿರುಗಾಳಿಗೆ ಶೀಟಿನ ಜೊತೆ ಆ ಕಲ್ಲೂ ಬೀಳುತ್ತದೆ, ಕೆಳಗೆ ಮಕ್ಕಳು ಮಲಗಿರುತ್ತಾರೆ. ಹಳೆಯ ಸಿಮೆಂಟ್ ಶೀಟ್ ಇದ್ದರೆ ಒಣಗಿದ್ದಾಗ ಕೊಯ್ಯಬೇಡಿ. ಅದರಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರುತ್ತದೆ, ಆ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು.

ಕಾಂಕ್ರೀಟ್ ಸ್ಲ್ಯಾಬ್ ಹಾಕಿಸುವವರಿಗೆ ಒಂದೇ ಮಾತು. ನಮ್ಮ ಬಿಸಿಲಿಗೆ ಎರಡು ಮೂರು ದಿನ ನೀರು ಹೊಡೆದರೆ ಸುಮ್ನೆ ಹೊಡೆದಂತೆ. ಸುತ್ತ ಮಣ್ಣಿನ ಕಟ್ಟೆ ಕಟ್ಟಿ, ಕನಿಷ್ಠ 10 ದಿನ ಮೇಲೆ ನೀರು ನಿಂತಿರುವಂತೆ ನೋಡಿಕೊಳ್ಳಿ. ಪಿಪಿಸಿ, ಅಂದರೆ ಪೊಝೋಲಾನಾ ಬೆರೆಸಿದ ಸಿಮೆಂಟ್ ಆದರೆ 14 ದಿನ.

ಯಾವ ಸೂರೇ ಇರಲಿ, ಮೇಸ್ತ್ರಿಯ ಲೆಕ್ಕ ಚುಕ್ತಾ ಮಾಡುವ ಮೊದಲು ಒಂದು ಕೆಲಸ ಮಾಡಿ. ಎರಡು ಕೊಡ ನೀರು ಮೇಲಕ್ಕೆ ಒಯ್ದು, ದೋಣಿಗೆ ದೂರದ ಮೂಲೆಯಲ್ಲಿ ಸುರಿಯಿರಿ. ಮೇಸ್ತ್ರಿಯನ್ನೂ ಪಕ್ಕದಲ್ಲೇ ನಿಲ್ಲಿಸಿಕೊಂಡು, ಆ ನೀರು ಎಲ್ಲಿಗೆ ಹೋಗುತ್ತದೆ ಅಂತ ನೋಡಿ.

ನಮಸ್ಕಾರ.