ದೊಡ್ಡವ್ವ ಬರೆದ ಬುಟ್ಟಿ

ಕೇಳುಗರಿಗೆ ನಮಸ್ಕಾರ.

ನಮ್ಮ ಸೊರಬ, ಸಾಗರದ ಕಡೆ ದಸರಾ ಮುಗಿಯುತ್ತಿದ್ದ ಹಾಗೆ ಹೆಂಗಸರಿಗೆ ಇನ್ನೊಂದು ಕೆಲಸ ಶುರುವಾಗುತ್ತದೆ. ಬುಟ್ಟಿ ಬರೆಯುವ ಕೆಲಸ. ವಿಜಯದಶಮಿ ಕಳೆದು ಐದನೇ ದಿನಕ್ಕೆ ಹುಣ್ಣಿಮೆ. ಊರಿನವರಿಗೆಲ್ಲ ಅದು ಸೀಗೆ ಹುಣ್ಣಿಮೆ, ನಮಗೆ ಭೂಮಿ ಹುಣ್ಣಿಮೆ. ಗದ್ದೆಯಲ್ಲಿ ಭತ್ತ ಹೊಡೆ ತುಂಬಿ ನಿಂತಿರುತ್ತದೆ. ಅಂದರೆ ಭೂಮ್ತಾಯಿ ತುಂಬಿದ ಬಸುರಿ. ಬಸುರಿಗೆ ಬಯಕೆ ಊಟ ಬಡಿಸಬೇಕಲ್ವಾ? ಆ ಊಟ ಹೋಗುವುದು ಭೂಮಣ್ಣಿ ಬುಟ್ಟಿಯಲ್ಲಿ.

ನಮ್ಮ ದೀವರ ಕೇರಿಯಲ್ಲಿ ದೊಡ್ಡವ್ವನಷ್ಟು ಚೆಂದ ಬುಟ್ಟಿ ಬರೆಯುವವರು ಇರಲಿಲ್ಲ. ಬಿದಿರಿನ ಬುಟ್ಟಿಗೆ ಮೊದಲು ಸಗಣಿ ಬಳಿಯುತ್ತಿದ್ದಳು. ಅದು ಒಣಗಿದ ಮೇಲೆ ಕೆಮ್ಮಣ್ಣು. ಅಕ್ಕಿ ನೆನೆಸಿ ಅರೆದು ಬಿಳಿ ಬಣ್ಣ ಮಾಡಿಕೊಳ್ಳುತ್ತಿದ್ದಳು. ಪುಂಡಿ ನಾರಿನ ತುದಿ ಜಜ್ಜಿದರೆ ಅದೇ ಕುಂಚ. ಆಮೇಲೆ ಉಸಿರು ಬಿಗಿಹಿಡಿದು ಎಳೆ ಎಳೆಯುವುದು. ಭತ್ತದ ಸಸಿ, ಏಣಿ, ಎತ್ತು, ಕೈ ಕೈ ಹಿಡಿದ ಗೊಂಬೆಗಳು. ಒಂದು ಎಳೆ ಸೊಟ್ಟಗಾದರೂ ಒದ್ದೆ ಬಟ್ಟೆಯಲ್ಲಿ ಒರೆಸಿ ಮತ್ತೆ ಎಳೆಯುತ್ತಿದ್ದಳು. ಪಕ್ಕದಲ್ಲಿ ಕೂತ ನಾವು ಕೆಮ್ಮಿದರೂ ಬೈಗುಳ.

ಹುಣ್ಣಿಮೆಯ ಹಿಂದಿನ ರಾತ್ರಿ ಮನೆಯಲ್ಲಿ ಯಾರೂ ಮಲಗುವುದಿಲ್ಲ. ಕಾಡಿನಿಂದ ತಂದ ಹತ್ತಾರು ಬಗೆಯ ಸೊಪ್ಪು, ಕುಡಿ, ಅಮಟೆಕಾಯಿ, ಕೆಸುವು ಎಲ್ಲ ಬೇಯುತ್ತಿರುತ್ತವೆ. ಇನ್ನೊಂದು ಒಲೆಯಲ್ಲಿ ಕಡುಬು, ಹೋಳಿಗೆ. ಬೆಳಕು ಹರಿಯುವ ಮೊದಲೇ ಅಪ್ಪ ದೊಂದಿ ಹಿಡಿದು ಗದ್ದೆಗೆ ಹೋಗಿ ಹಚ್ಚಂಬಲಿ, ಅಂದರೆ ಆ ಬೇಯಿಸಿದ ಸೊಪ್ಪು, ಬೀರುತ್ತಿದ್ದ. ಮಂಜಿನೊಳಗಿಂದ ಅವನ ಕೂಗು ಕೇಳುತ್ತಿತ್ತು: "ಹಚ್ಚಂಬ್ಲಿ, ಹಾಲಂಬ್ಲಿ, ಗುಡ್ಡದ ಮೇಲಿನ ನೂರೊಂದು ಕುಡಿ, ಭೂಮ್ತಾಯಿ ಉಂಡೋಗ್ಲಿ." ಆಚೆ ಗದ್ದೆಯಿಂದ ಇನ್ನೊಬ್ಬರ ಕೂಗು, ಅದರಾಚೆಯಿಂದ ಮತ್ತೊಬ್ಬರದು. ನಾನು ಬೇಕಾದಷ್ಟು ಹಬ್ಬ ನೋಡಿದ್ದೇನೆ. ನಮ್ಮ ನಾಡಿನಲ್ಲಿ ಇದಕ್ಕಿಂತ ಚೆಂದದ್ದು ಇನ್ನೊಂದಿಲ್ಲ ಅಂತ ಹೇಳಲು ನನಗೆ ಸಂಕೋಚವಿಲ್ಲ.

ಒಂದು ವರ್ಷ ಆ ರಾತ್ರಿಯೇ ದೊಡ್ಡವ್ವ ಹೊರಗಾದಳು. "ಕಾಗೆ ಮುಟ್ಟಿತು" ಅಂದರು. ನಾನು ಚಿಕ್ಕವಳು. ಕಾಗೆ ಎಲ್ಲಿಂದ ಬಂತು ಅಂತ ಮಾಡಿನ ಕಡೆ ನೋಡಿದೆ. ಅವಳು ಕುಂಚ ಅಲ್ಲೇ ಇಟ್ಟು ಎದ್ದು ಹಿತ್ತಲ ಜಗಲಿಗೆ ಹೋದಳು. ಒಂದು ಚಾಪೆ, ಒಂದು ಕಂಬಳಿ, ಒಂದು ಲೋಟ. ಬೆಳಿಗ್ಗೆ ಬುಟ್ಟಿ ಹೊರಟಾಗ ಅವಳು ಎದುರಿಗೆ ಬರುವ ಹಾಗಿರಲಿಲ್ಲ. ಗದ್ದೆಯಲ್ಲಿ ಭತ್ತದ ಸಸಿಗೆ ತಾಳಿ ಕಟ್ಟಿ, ಪೂಜೆ ಮಾಡಿ, ಕಾಗೆಗೆ ಎಡೆ ಇಟ್ಟು, ಅಲ್ಲೇ ಕೂತು ಉಂಡು ಬಂದೆವು. ನಾನು ಎಲೆಯಲ್ಲಿ ಕಡುಬು ಕಟ್ಟಿಕೊಂಡು ಹಿತ್ತಲಿಗೆ ಹೋದರೆ ಅವಳು ಕಡುಬಿನ ಮಾತೇ ಎತ್ತಲಿಲ್ಲ. "ಏಣಿ ಮೂಲೇಲಿ ಒಂದು ಎಳೆ ಬಾಕಿ ಇತ್ತು. ಯಾರಾದ್ರೂ ಎಳೆದ್ರಾ?" ಅಂತ ಕೇಳಿದಳು.

ಯಾರೂ ಎಳೆದಿರಲಿಲ್ಲ.

ಇದರಲ್ಲಿ ಏನು ದೊಡ್ಡ ಕಷ್ಟ, ಮೂರು ದಿನ ವಿಶ್ರಾಂತಿ ಸಿಗುತ್ತಿತ್ತಲ್ಲ ಅಂತ ಈಗಲೂ ಹೇಳುವವರಿದ್ದಾರೆ. ಯಾವ ವಿಶ್ರಾಂತಿ? ಅಡುಗೆಮನೆಗೆ ಆಗದವಳು ನೆಟ್ಟಿ ಗದ್ದೆಗೆ ಆಗುತ್ತಿದ್ದಳು. ಜುಲೈ ತಿಂಗಳ ಮಳೆಯಲ್ಲಿ, ಮೊಣಕಾಲು ಮುಳುಗುವ ಕೆಸರಿನಲ್ಲಿ, ಅದೇ ಮೂರು ದಿನ ಬಗ್ಗಿ ಸಸಿ ನೆಡುತ್ತಿದ್ದಳು. ಅಲ್ಲಿ ಯಾರಿಗೂ ಮೈಲಿಗೆ ಕಾಣುತ್ತಿರಲಿಲ್ಲ. ಸಂಜೆ ಮತ್ತೆ ಹಿತ್ತಲ ಜಗಲಿ. ಮುಟ್ಟಿನ ಬಟ್ಟೆ ಯಾರ ಕಣ್ಣಿಗೂ ಬೀಳಬಾರದು ಅಂತ ಸೌದೆ ರಾಶಿಯ ಹಿಂದೆ ಒಣಗಿಸುವುದು. ನಮ್ಮ ಮಳೆಗಾಲದಲ್ಲಿ ಬಿಸಿಲಿಗೆ ಹರವಿದ ಬಟ್ಟೆಯೇ ಒಣಗುವುದಿಲ್ಲ. ಇನ್ನು ಕತ್ತಲೆಯಲ್ಲಿ ಇಟ್ಟದ್ದು? ಆ ಅರೆ ಹಸಿ ಬಟ್ಟೆಯಿಂದಲೇ ತುರಿಕೆ, ಸೋಂಕು. ಅದನ್ನೂ ಯಾರಿಗೂ ಹೇಳುವ ಹಾಗಿಲ್ಲ.

ಘಟ್ಟ ಇಳಿದರೆ ತುಳುನಾಡು. ಅಲ್ಲಿ ಫೆಬ್ರವರಿ ಹೊತ್ತಿಗೆ ಕೆಡ್ಡಸ ಅಂತ ಒಂದು ಹಬ್ಬ. ಭೂಮಿ ಮುಟ್ಟಾಗುತ್ತಾಳೆ ಅಂತ ಅವರ ನಂಬಿಕೆ. ಆ ದಿನಗಳಲ್ಲಿ ನೆಲ ಅಗೆಯುವ ಹಾಗಿಲ್ಲ, ಉಳುವ ಹಾಗಿಲ್ಲ. ಕೊನೆಗೆ ನೆಲಕ್ಕೆ ಎಣ್ಣೆ ಬಿಟ್ಟು ಉಪಚಾರ ಮಾಡುತ್ತಾರೆ. ನೋಡಿ, ಇದಲ್ವಾ ವಿಶ್ರಾಂತಿ! ಭೂಮಿಗೆ ಸಿಕ್ಕಿದ್ದು ನಮ್ಮ ದೊಡ್ಡವ್ವನಿಗೆ ಸಿಗಲಿಲ್ಲ.

ಹೀಗೆ ಮಾತಾಡಿದರೆ "ಹಬ್ಬಾನೇ ಬೇಡ ಅಂತೀಯಾ?" ಅಂತ ಕೇಳುತ್ತಾರೆ. ಒಂದು ದಾರ ಎಳೆದರೆ ಇಡೀ ಸೀರೆ ಬಿಚ್ಚಿಹೋಗುತ್ತದೆ ಅನ್ನುವ ಭಯ. ಅಂಥವರಿಗೆ ನಾನು ಚಂದ್ರಗುತ್ತಿ ನೆನಪು ಮಾಡುತ್ತೇನೆ. ನಮ್ಮ ಸೊರಬ ತಾಲ್ಲೂಕಿನದೇ ಊರು. ಗುಡ್ಡದ ಗುಹೆಯಲ್ಲಿ ರೇಣುಕಾಂಬೆ, ನಮ್ಮ ಬಾಯಲ್ಲಿ ಗುತ್ಯಮ್ಮ. ಹರಕೆ ಹೊತ್ತವರು ವರದಾ ಹೊಳೆಯಲ್ಲಿ ಮಿಂದು, ಮೈಮೇಲೆ ಬಟ್ಟೆಯಿಲ್ಲದೆ ಗುಡಿಯವರೆಗೆ ಹೋಗುತ್ತಿದ್ದರು. ಬೆತ್ತಲೆ ಸೇವೆ. ಗಂಡಸರು, ಹೆಂಗಸರು, ಹೆಣ್ಣುಮಕ್ಕಳು. ಹೆಚ್ಚಿನವರು ಬಡವರು. ನೋಡಲು ನಿಂತವರ ಸಂಖ್ಯೆಯೂ ಕಡಿಮೆ ಇರುತ್ತಿರಲಿಲ್ಲ, ಅವರ ಮೈಮೇಲೆ ಮಾತ್ರ ಬಟ್ಟೆ ಇರುತ್ತಿತ್ತು. 1986ರ ಮಾರ್ಚ್‌ನಲ್ಲಿ ಇದನ್ನು ತಡೆಯಲು ನಿಂತ ಕಾರ್ಯಕರ್ತರನ್ನೂ ಪೊಲೀಸರನ್ನೂ ಗುಂಪು ಹೊಡೆದು, ಬಟ್ಟೆ ಕಿತ್ತು, ಬೆತ್ತಲೆ ನಡೆಸಿತು. ಅವರಲ್ಲಿ ಮಹಿಳಾ ಪೊಲೀಸರೂ ಇದ್ದರು. ಆಮೇಲೆ ಸರ್ಕಾರ ಬೆತ್ತಲೆ ಸೇವೆಯನ್ನು ನಿಷೇಧಿಸಿತು.

ಜಾತ್ರೆ ನಿಂತಿತಾ? ಇಲ್ಲ. ಈಗಲೂ ಆಗುತ್ತದೆ. "ಉಧೋ ಉಧೋ" ಅಂತ ಗುಡ್ಡ ಹತ್ತುವವರು ಈಗಲೂ ಹತ್ತುತ್ತಾರೆ, ಬಟ್ಟೆ ಉಟ್ಟುಕೊಂಡು. ಗುತ್ಯಮ್ಮ ಮುನಿಸಿಕೊಂಡ ಹಾಗೆ ಕಾಣುವುದಿಲ್ಲ.

ಕರ್ನಾಟಕದಲ್ಲಿ ಅಮಾನವೀಯ ಅನಿಷ್ಟ ಪದ್ಧತಿಗಳನ್ನು ತಡೆಯುವ ಕಾಯ್ದೆಯೊಂದಿದೆ. 2017ರದ್ದು, ಜಾರಿಗೆ ಬಂದದ್ದು 2020ರ ಜನವರಿಯಲ್ಲಿ. ಅದರ ಪಟ್ಟಿಯಲ್ಲಿ ಬೆತ್ತಲೆ ಸೇವೆ ಇದೆ. ಮುಟ್ಟಾದವರನ್ನು, ಬಸುರಿಯರನ್ನು ಊರಾಚೆ ಇಡುವುದೂ ಇದೆ. ಎರಡನ್ನೂ ಒಂದೇ ಕಾಯ್ದೆಯಲ್ಲಿ ಇಟ್ಟದ್ದು ಸರಿಯಾಗಿಯೇ ಇದೆ ಅನ್ನಿಸಿತು ನನಗೆ. ಆದರೆ ಚಂದ್ರಗುತ್ತಿಗೆ ಪೊಲೀಸರನ್ನು ಕಳಿಸಬಹುದು. ನಮ್ಮ ಹಿತ್ತಲ ಜಗಲಿಗೆ ಯಾರನ್ನು ಕಳಿಸುವುದು?

ಹೋರಿ ಹಬ್ಬದ ಬಗ್ಗೆ ಒಂದೇ ಮಾತು ಹೇಳಿ ಬಿಡುತ್ತೇನೆ, ಜಾಸ್ತಿ ಹೇಳಿದರೆ ನನ್ನ ತಮ್ಮ ಮಾತು ಬಿಡುತ್ತಾನೆ. ಕೊಬ್ಬರಿ ಹಾರ ಕಟ್ಟಿಕೊಂಡು ಓಡುವ ಹೋರಿ ಕಂಡರೆ ನನಗೂ ಮೈ ಜುಮ್ಮೆನ್ನುತ್ತದೆ. ಸೊರಬ, ಶಿಕಾರಿಪುರದ ಕಡೆ ಅದೇ ಹೋರಿ ಹಾಯ್ದು ಸತ್ತವರ ಸುದ್ದಿ ಕೇಳಿದಾಗ ಆ ಜುಮ್ಮಿನ ಬಗ್ಗೆ ನಾಚಿಕೆಯಾಗುತ್ತದೆ. ಅದಕ್ಕೆ ನನ್ನ ಹತ್ತಿರ ಉತ್ತರವಿಲ್ಲ.

ದೊಡ್ಡವ್ವ ಈಗಿಲ್ಲ. ಬುಟ್ಟಿ ಬರೆಯುವುದು ತಮ್ಮನ ಮಗಳು, ಒಂಬತ್ತನೇ ಕ್ಲಾಸು. ಕಳೆದ ವರ್ಷ ಹುಣ್ಣಿಮೆಯ ಹಿಂದಿನ ರಾತ್ರಿ ಅವಳು ನನ್ನ ಕಿವಿಯಲ್ಲಿ, "ಅತ್ತೆ, ಮುಟ್ಟಾಗಿದೀನಿ. ನಾಳೆ ಗದ್ದೆಗೆ ಬರಬಹುದಾ?" ಅಂದಳು. ನಾನು ರೇಡಿಯೋದಲ್ಲಿ ಇಷ್ಟೆಲ್ಲ ಮಾತಾಡುವವಳು, ಆ ಗಳಿಗೆಯಲ್ಲಿ ಸುಮ್ನೆ ಅವ್ವನ ಮುಖ ನೋಡಿದೆ. ಅವ್ವ ಕಡುಬಿಗೆ ಎಲೆ ಸುತ್ತುತ್ತಿದ್ದಳು. ತಲೆ ಎತ್ತಲೇ ಇಲ್ಲ.

"ಭೂಮ್ತಾಯಿ ಬಸುರಿ ಆಗಿದ್ದಾದ್ರೂ ಹೆಂಗೆ? ಮುಟ್ಟಾಗದೇ ಆದಳಾ?" ಅಂದಳು. "ಸಣ್ಣ ಬುಟ್ಟಿ ಅವಳೇ ಹಿಡ್ಕೊಳ್ಳಲಿ."

ತಮ್ಮ ಏನೋ ಗೊಣಗಿ ದೊಂದಿ ಹುಡುಕಲು ಹೋದ. ಬೆಳಿಗ್ಗೆ ಹುಡುಗಿ ಬುಟ್ಟಿ ಎತ್ತಿಕೊಂಡು ಗದ್ದೆ ಅಂಚಿನ ಮೇಲೆ ನಡೆದಳು. ಇಬ್ಬನಿಗೆ ಕಾಲು ಜಾರಿತು. ಬುಟ್ಟಿ ಬೀಳಲಿಲ್ಲ, ಆದರೆ ಅವಳ ಲಂಗಕ್ಕೆ ಉಜ್ಜಿ ಒಂದು ಬದಿಯ ಚಿತ್ತಾರ ಅಳಿಸಿಹೋಯಿತು. ಅವತ್ತು ಅವಳಿಗೆ ಬೈಗುಳ ಬಿದ್ದದ್ದು ಅದಕ್ಕೊಂದಕ್ಕೇ.

"ಎಳೆ ಎಲ್ಲ ಕೆಡಿಸಿದ್ಯಲ್ಲೇ," ಅಂತ ಅವ್ವ ಮನೆಗೆ ಬರುವವರೆಗೂ ಬೈದಳು.

ನಮಸ್ಕಾರ.