ಹಿಮಬಿರುಗಾಳಿ: ಮುನ್ಸೂಚನೆಯಲ್ಲಿ ಏನನ್ನು ಓದಬೇಕು

ಎಲ್ಲರಿಗೂ ನಮಸ್ಕಾರ.

1888ರ ಜನವರಿ 12ರ ಬೆಳಿಗ್ಗೆ ಅಮೆರಿಕದ ಡಕೋಟಾ, ನೆಬ್ರಾಸ್ಕಾ ಬಯಲುಗಳಲ್ಲಿ ಚಳಿ ಬಹಳ ತಗ್ಗಿತ್ತು. ಎಷ್ಟೋ ಮಕ್ಕಳು ದಪ್ಪ ಕೋಟು ಹಾಕಿಕೊಳ್ಳದೆಯೇ ಶಾಲೆಗೆ ಹೋದರು. ಅದೇ ದಿನ ಹಿಮಬಿರುಗಾಳಿ ಬಂದೆರಗಿತು. ಸತ್ತವರು ಸುಮಾರು 235 ಮಂದಿ, ಅವರಲ್ಲಿ ಶಾಲೆಯಿಂದ ಮನೆಗೆ ಹೊರಟ ಮಕ್ಕಳೇ ಬಹಳ. ಆಗಿನ ಮುನ್ಸೂಚನೆ ಟೆಲಿಗ್ರಾಫ್ ತಂತಿ ಮುಟ್ಟಿದ ಕಡೆಗಷ್ಟೇ ಹೋಗುತ್ತಿತ್ತು. ಹಾಗಾಗಿ ಹಳ್ಳಿಯವರನ್ನು ದೂರುವಂತಿಲ್ಲ.

ಈಗ 2022ರ ಡಿಸೆಂಬರ್ ನೋಡಿ, ನ್ಯೂಯಾರ್ಕ್ ರಾಜ್ಯದ ಬಫಲೋ ನಗರ. ಹವಾಮಾನ ಕಚೇರಿ ದಿನಗಟ್ಟಲೆ ಮೊದಲೇ ಎಚ್ಚರಿಸಿತ್ತು. ಮುನ್ಸೂಚನೆ ಸರಿಯಾಗಿಯೇ ಇತ್ತು. ಆದರೂ ಬಫಲೋ ಇರುವ ಆ ಒಂದು ಕೌಂಟಿಯಲ್ಲೇ, ಅಂದರೆ ನಮ್ಮ ಜಿಲ್ಲೆಯಂಥದರಲ್ಲೇ, 40ಕ್ಕೂ ಹೆಚ್ಚು ಜನ ಸತ್ತರು. ಸಂಚಾರ ನಿಷೇಧ ಜಾರಿಯಾದದ್ದು 23ರ ಬೆಳಿಗ್ಗೆ ಒಂಬತ್ತೂವರೆಗೆ. ಅಷ್ಟು ಹೊತ್ತಿಗೆ ಕೆಲಸಕ್ಕೆ ಹೋಗುವವರು ಹೋಗಿಯಾಗಿತ್ತು. ವಿಜ್ಞಾನ ಇಷ್ಟು ಮುಂದುವರಿದ ಮೇಲೂ ಜನ ಸಾಯುವುದು ಹೆಚ್ಚಾಗಿ ಇಂಥ ಕೆಲವೇ ಗಂಟೆಗಳ ತಡದಲ್ಲಿ. ಇವತ್ತು ನಾನು ಹೇಳಬೇಕೆಂದಿರುವುದು ಇದನ್ನೇ.

ಬಿರುಗಾಳಿಯ ಸುದ್ದಿ ಬಂದ ಕೂಡಲೇ ನಾವು ಕೇಳುವುದು ‘ಎಷ್ಟು ಸೆಂಟಿಮೀಟರ್ ಹಿಮ ಬೀಳುತ್ತದಂತೆ?’ ಎಂದು. ಮುನ್ಸೂಚನೆಯಲ್ಲಿ ತಪ್ಪುವ ಸಾಧ್ಯತೆ ಹೆಚ್ಚಿರುವ ಅಂಕಿ ಅದೇ. ಬಿರುಗಾಳಿಯ ಹಾದಿ ಒಂದಿಷ್ಟು ಸರಿದರೂ ಅದು ತಲೆಕೆಳಗಾಗುತ್ತದೆ. ನೀವು ಮೊದಲು ನೋಡಬೇಕಾದದ್ದು ಸಮಯ: ಎಷ್ಟು ಗಂಟೆಗೆ ಶುರು, ಆ ಹೊತ್ತಿಗೆ ನಾನು ಎಲ್ಲಿರುತ್ತೇನೆ? ಆಮೇಲೆ ಗಾಳಿ. ಅಮೆರಿಕದಲ್ಲಿ ‘ಬ್ಲಿಝರ್ಡ್’ ಎನ್ನಬೇಕಾದರೆ ಗಂಟೆಗೆ 56 ಕಿಲೋಮೀಟರ್ ಗಾಳಿ, 400 ಮೀಟರಿಗಿಂತ ಕಡಿಮೆ ಗೋಚರತೆ, ಇವೆರಡೂ ಕನಿಷ್ಠ ಮೂರು ಗಂಟೆ ಇರಬೇಕು. ಹೊಸ ಹಿಮ ಬೀಳಲೇಬೇಕೆಂದಿಲ್ಲ, ನೆಲದಲ್ಲಿ ಬಿದ್ದದ್ದನ್ನು ಗಾಳಿ ಎಬ್ಬಿಸಿದರೂ ಸಾಕು.

ಮೂರನೆಯದು ಸೊನ್ನೆ ಡಿಗ್ರಿಯ ಆಸುಪಾಸಿನ ತಾಪಮಾನ. ನನಗೆ ಅತಿ ಹೆಚ್ಚು ಭಯ ಹುಟ್ಟಿಸುವುದು ಇದು. ಮೇಲೆ ಬೆಚ್ಚನೆಯ ಗಾಳಿಯ ಪದರ, ನೆಲದ ಬಳಿ ಸೊನ್ನೆಗಿಂತ ತಣ್ಣಗಿನ ತೆಳು ಪದರ ಇದ್ದರೆ ಹಿಮ ಮೇಲೆಯೇ ಕರಗಿ ನೀರಾಗಿ ಇಳಿಯುತ್ತದೆ. ತಣ್ಣನೆಯ ತಂತಿ, ಕೊಂಬೆ, ರಸ್ತೆ ಮುಟ್ಟಿದೊಡನೆ ಮಂಜುಗಡ್ಡೆಯಾಗಿ ಅಂಟಿಕೊಳ್ಳುತ್ತದೆ. ನೋಡುವವರಿಗೆ ಅದು ಬರೀ ಸೋನೆಮಳೆ. 1998ರ ಜನವರಿಯಲ್ಲಿ ಕೆನಡಾದ ಕ್ವಿಬೆಕ್ ಮತ್ತು ಒಂಟಾರಿಯೋದಲ್ಲಿ ಇಂಥ ಮಳೆ ಐದಾರು ದಿನ ಸುರಿದು, ಗಡ್ಡೆಯ ಭಾರಕ್ಕೆ ಉಕ್ಕಿನ ವಿದ್ಯುತ್ ಗೋಪುರಗಳೇ ಮಡಚಿ ಬಿದ್ದವು. ಲಕ್ಷಾಂತರ ಮನೆಗಳು ಕತ್ತಲಾದವು, ಕೆಲವು ಕಡೆ ವಾರಗಟ್ಟಲೆ.

ವಿಂಡ್ ಚಿಲ್, ಅಂದರೆ ಗಾಳಿ ಬೀಸುವಾಗ ಮೈಗೆ ಅನಿಸುವ ಚಳಿ, ಅದರ ಬಗ್ಗೆ ಒಂದು ಮಾತು. ಟಿವಿಯವರಿಗೆ ಈ ಅಂಕಿ ಎಂದರೆ ಪ್ರಾಣ! ಮೈನಸ್ 18 ಡಿಗ್ರಿಯಲ್ಲಿ 24 ಕಿಲೋಮೀಟರ್ ವೇಗದ ಗಾಳಿ ಬೀಸಿದರೆ ಚರ್ಮಕ್ಕೆ ಅದು ಮೈನಸ್ 28ರಂತೆ, ಬರಿಗೈ ಅರ್ಧ ಗಂಟೆಯಲ್ಲಿ ಹೆಪ್ಪುಗಟ್ಟಬಹುದು. ಆದರೆ ಈ ಲೆಕ್ಕ ಮೈಗೆ ಮಾತ್ರ. ನಿಮ್ಮ ನಲ್ಲಿಯ ಪೈಪು ಗಾಳಿಯ ನಿಜವಾದ ತಾಪಮಾನಕ್ಕಿಂತ ಕೆಳಗೆ ಇಳಿಯುವುದಿಲ್ಲ. ಚಳಿ ಗಟ್ಟಿಯಾದ ರಾತ್ರಿ ನಲ್ಲಿಯನ್ನು ತೊಟ್ಟಿಕ್ಕಲು ಬಿಡಿ, ಸಿಂಕಿನ ಕೆಳಗಿನ ಕಪಾಟು ತೆರೆದಿಡಿ. ಅಷ್ಟು ಸಾಕು, ಮುಂದಕ್ಕೆ ಹೋಗೋಣ.

ಕರೆಂಟು ಹೋದ ಮೇಲೆ ಅಪಾಯ ಮನೆಯೊಳಗೇ ಬರುತ್ತದೆ. 2021ರ ಫೆಬ್ರವರಿಯಲ್ಲಿ ಟೆಕ್ಸಸ್‌ನಲ್ಲಿ ಸರ್ಕಾರಿ ಲೆಕ್ಕದ ಪ್ರಕಾರವೇ 246 ಜನ ಸತ್ತರು, ಹೆಚ್ಚಿನವರು ಹೈಪೋಥರ್ಮಿಯಾದಿಂದ, ಅಂದರೆ ಚಳಿಗೆ ದೇಹದ ತಾಪವೇ ತೀರ ಇಳಿದು. ಇನ್ನು ಕೆಲವರ ಜೀವ ತೆಗೆದದ್ದು ಚಳಿಯನ್ನು ಓಡಿಸಲು ಹಚ್ಚಿದ ಬೆಂಕಿ. ಇದ್ದಿಲು, ಜನರೇಟರ್, ಗ್ಯಾರೇಜಿನಲ್ಲಿ ಓಡುತ್ತಿರುವ ಕಾರು, ಇವೆಲ್ಲ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲ ಬಿಡುತ್ತವೆ. ಅದಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ. ರಕ್ತದ ಹಿಮೋಗ್ಲೋಬಿನ್ ಅದನ್ನು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ತಲೆನೋವು, ವಾಕರಿಕೆ, ಮಂಪರು ಬಂದರೆ ಸುಸ್ತು ಎಂದುಕೊಂಡು ಮಲಗುತ್ತೇವೆ, ಏಳುವುದಿಲ್ಲ. ಮನೆಯವರೆಲ್ಲರಿಗೂ ಒಟ್ಟಿಗೆ ತಲೆನೋವು ಬಂದರೆ ಯೋಚಿಸುತ್ತ ಕೂರಬೇಡಿ, ಎಲ್ಲರೂ ಹೊರಗೆ ಬನ್ನಿ. ಜನರೇಟರ್ ಇರಬೇಕಾದ್ದು ಹೊರಗೆ, ಕಿಟಕಿ ಬಾಗಿಲುಗಳಿಂದ ಕನಿಷ್ಠ ಆರು ಮೀಟರ್ ದೂರದಲ್ಲಿ. ಈ ಅನಿಲವನ್ನು ಪತ್ತೆಹಚ್ಚುವ ಬ್ಯಾಟರಿಯ ಅಲಾರಂ ಒಂದನ್ನು ಮಲಗುವ ಕೋಣೆಯ ಹತ್ತಿರ ಹಾಕಿಸಿ.

ಕಾರಿನ ಕಥೆಯೂ ಇದೇ. 2022ರ ಜನವರಿಯಲ್ಲಿ ಪಾಕಿಸ್ತಾನದ ಮರ್ರೀ ಗಿರಿಧಾಮದ ದಾರಿಯಲ್ಲಿ ಹಿಮಕ್ಕೆ ಸಿಕ್ಕಿಕೊಂಡ ಕಾರುಗಳಲ್ಲಿ 20ಕ್ಕೂ ಹೆಚ್ಚು ಜನ ತೀರಿಕೊಂಡರು. ಸಿಕ್ಕಿಕೊಂಡರೆ ಇಳಿದು ನಡೆಯಲು ಹೋಗಬೇಡಿ, ಕಾರಿನಲ್ಲೇ ಇರಿ. ಗಂಟೆಗೆ ಹತ್ತು ನಿಮಿಷ ಎಂಜಿನ್ ಓಡಿಸಿ. ಪ್ರತಿ ಸಲವೂ ಮೊದಲು ಹೊಗೆಕೊಳವೆಯ ಸುತ್ತ ಕಟ್ಟಿಕೊಂಡ ಹಿಮ ತೆಗೆಯಿರಿ, ಗಾಳಿಗೆ ಮರೆಯಾದ ಕಡೆಯ ಕಿಟಕಿಯನ್ನು ಸ್ವಲ್ಪ ಇಳಿಸಿ.

ಇನ್ನು ದೇಹದ ವಿಚಾರ. ಒಳಗಿನ ತಾಪ 35 ಡಿಗ್ರಿಗಿಂತ ಕೆಳಗಿಳಿದರೆ ಹೈಪೋಥರ್ಮಿಯಾ. ಮೊದಲು ಗಡಗಡ ನಡುಕ, ಆಮೇಲೆ ಮಾತು ತೊದಲುತ್ತದೆ, ಕೋಟಿನ ಗುಂಡಿ ಹಾಕಿಕೊಳ್ಳಲೂ ಬೆರಳು ಒಪ್ಪುವುದಿಲ್ಲ. ನಡುಕ ನಿಂತಿತೆಂದು ನೆಮ್ಮದಿಪಡಬೇಡಿ, ಪರಿಸ್ಥಿತಿ ಕೈಮೀರುತ್ತಿದೆ ಎಂದರ್ಥ. ಆ ಹಂತದಲ್ಲಿ ಕೆಲವರು ಸೆಕೆಯೆಂದು ಬಟ್ಟೆಯನ್ನೇ ಕಿತ್ತೆಸೆಯುತ್ತಾರೆ. ಒದ್ದೆ ಬಟ್ಟೆ ತೆಗೆದು ಎದೆ, ಕುತ್ತಿಗೆ, ತೊಡೆಸಂದಿಯನ್ನು ಮೊದಲು ಬೆಚ್ಚಗೆ ಮಾಡಿ. ಹೆಪ್ಪುಗಟ್ಟಿದ ಬೆರಳನ್ನು ಉಜ್ಜಬೇಡಿ. ಮದ್ಯ ಕೊಡಲೇಬೇಡಿ, ಅದು ರಕ್ತನಾಳ ಹಿಗ್ಗಿಸಿ ಉಳಿದ ಶಾಖವನ್ನೂ ಹೊರಹಾಕುತ್ತದೆ.

1999ರಲ್ಲಿ ನಾರ್ವೆಯಲ್ಲಿ ಸ್ಕೀ ಮಾಡುತ್ತಿದ್ದ ವೈದ್ಯೆಯೊಬ್ಬರು ಹೆಪ್ಪುಗಟ್ಟಿದ ತೊರೆಗೆ ಬಿದ್ದು 80 ನಿಮಿಷ ಗಡ್ಡೆಯ ಕೆಳಗೆ ಸಿಕ್ಕಿಕೊಂಡಿದ್ದರು. ಅವರ ದೇಹದ ತಾಪ 13.7 ಡಿಗ್ರಿಗೆ ಇಳಿದಿತ್ತು, ಹೃದಯ ನಿಂತಿತ್ತು. ಅವರು ಬದುಕಿದರು, ಮತ್ತೆ ಕೆಲಸಕ್ಕೂ ಹೋದರು. ಆದ್ದರಿಂದ ಚಳಿಗೆ ಮರಗಟ್ಟಿದವರ ನಾಡಿ ಸಿಗಲಿಲ್ಲವೆಂದು ಕೈಬಿಡಬೇಡಿ. ಆಂಬುಲೆನ್ಸ್‌ಗೆ ಕರೆ ಮಾಡಿ, ಎದೆ ಒತ್ತುವುದನ್ನು ಅವರು ಬಂದು ಸೇರುವವರೆಗೂ ಮುಂದುವರಿಸಿ.