ಗ್ರಾಫಿಂಗ್ ಕ್ಯಾಲ್ಕ್ಯುಲೇಟರ್ ಹ್ಯಾಂಗ್ ಆಯ್ತಾ? ಸೆಲ್ ತೆಗೆಯುವ ಮೊದಲು ಇದನ್ನು ನೋಡಿ

(ಮೇಜಿನ ಮೇಲೆ ಎಚ್‌ಪಿ 50ಜಿ ಕ್ಯಾಲ್ಕ್ಯುಲೇಟರ್. ಪರದೆಯ ಮೂಲೆಯಲ್ಲಿ ಮರಳು ಗಡಿಯಾರದ ಗುರುತು ನಿಂತುಬಿಟ್ಟಿದೆ.)

ಇದು ನಮ್ಮ ಬೆಳಗಾವಿಯ ಒಬ್ಬ ಸರ್ವೇಯರ್ ಕಾಕಾ ಅವರದು. ಹೊಲ ಅಳೆಯುವುದು ಅವರ ಕೆಲಸ. ಹೋದ ವಾರ ಮಳೆಯಲ್ಲೇ ಟಿಳಕವಾಡಿಯ ನಮ್ಮ ಮನೆಗೆ ಬಂದರು.

"ತಮ್ಮಾ, ನನ್ನ ಹತ್ತು ವರ್ಷದ ಪ್ರೋಗ್ರಾಮ್ ಇದರೊಳಗ ಅದಾವ. ಯಾವ ಕೀ ಒತ್ತಿದ್ರೂ ಏನೂ ಆಗವಲ್ದು. ಸೆಲ್ ಎಲ್ಲಾ ತಗದು ಹಾಕ್ಲೇನು?"

ತೆಗೀಬೇಡ್ರಿ ಕಾಕಾ ಅಂದೆ. ಯಾಕೆ ಅಂತ ಹೇಳುತ್ತೇನೆ.

(ಹಿಂಬದಿಯ ಮುಚ್ಚಳ ತೆಗೆದು ತೋರಿಸುವುದು.)

ಇಲ್ಲಿ ಟಿವಿ ರಿಮೋಟಿಗೆ ಹಾಕುವಂಥ ನಾಲ್ಕು ಸಣ್ಣ ಸೆಲ್ ಇವೆ. ಜೊತೆಗೆ ಒಂದು ಬಟನ್ ಸೆಲ್, ಸಿಆರ್2032. ನಾವು ಬರೆದ ಪ್ರೋಗ್ರಾಮ್‌ಗಳು ಸಾಮಾನ್ಯವಾಗಿ ರ‍್ಯಾಮ್‌ನಲ್ಲಿ ಇರುತ್ತವೆ. ಕರೆಂಟ್ ಇರುವವರೆಗೆ ಮಾತ್ರ ಅವು ಉಳಿಯುತ್ತವೆ. ದೊಡ್ಡ ಸೆಲ್ ಬದಲಿಸುವಾಗ ಬಟನ್ ಸೆಲ್ ಆ ನೆನಪನ್ನು ಕಾಯುತ್ತದೆ. ಎರಡನ್ನೂ ಒಟ್ಟಿಗೆ ತೆಗೆದರೆ ಹತ್ತು ವರ್ಷದ ಕೆಲಸ ಹೋದಂತೆಯೇ.

ಮೊದಲು ಸುಮ್ನೆ ಎರಡು ನಿಮಿಷ ಕಾಯಿರಿ. ದೊಡ್ಡ ಗ್ರಾಫ್ ಬರೆಯುವಾಗ ಅದು ನಿಜವಾಗಲೂ ನಿಧಾನ. ಆಮೇಲೆ ಆನ್ ಕೀ ಒತ್ತಿ. ಲೆಕ್ಕ ನಡೆಯುತ್ತಿರುವಾಗ ಅದೇ ಕೀ ಕ್ಯಾನ್ಸಲ್ ಕೆಲಸ ಮಾಡುತ್ತದೆ. ಪ್ರೋಗ್ರಾಮ್ ಲೂಪ್‌ನಲ್ಲಿ, ಅಂದರೆ ಅದೇ ಹೆಜ್ಜೆಗಳಲ್ಲಿ ಮತ್ತೆ ಮತ್ತೆ ಸುತ್ತುತ್ತಿದ್ದರೆ ಇಷ್ಟಕ್ಕೇ ನಿಲ್ಲುತ್ತದೆ.

ಕಾಕಾ ಅವರದು ನಿಲ್ಲಲಿಲ್ಲ. ಏನು ಮಾಡ್ತಿದ್ರಿ ಅಂತ ಕೇಳಿದೆ. ಒಂದು ಹಾಳೆಯಲ್ಲಿದ್ದ ಪ್ರೋಗ್ರಾಮ್ ನೋಡಿ ಟೈಪ್ ಮಾಡಿದ್ದರು. ಅದರಲ್ಲಿ ಸಿಸ್‌ಇವಾಲ್ ಅನ್ನುವ ಆಜ್ಞೆ ಇತ್ತು. ಕ್ಯಾಲ್ಕ್ಯುಲೇಟರ್ ಒಳಗಿನ ಯಾವುದೋ ವಿಳಾಸಕ್ಕೆ ನೇರವಾಗಿ ಜಿಗಿದು ಅಲ್ಲಿರುವುದನ್ನು ನಡೆಸು ಅಂತ ಅದರ ಅರ್ಥ. ವಿಳಾಸದಲ್ಲಿ ಒಂದೇ ಅಂಕಿ ತಪ್ಪಿತ್ತು. ತಪ್ಪು ಮನೆಗೆ ನುಗ್ಗಿ ಸಾಮಾನು ಚೆಲ್ಲಾಪಿಲ್ಲಿ ಮಾಡಿದ ಹಾಗೆ ಆಗಿತ್ತು. ಬಹಳ ಅನುಭವಸ್ಥರಿಗೂ ಆಗುವ ತಪ್ಪು ಇದು.

(ಹತ್ತಿರದಿಂದ: ಎರಡು ಬೆರಳು ಕೀಲಿಗಳ ಮೇಲೆ.)

ಈಗ ಆನ್ ಒತ್ತಿ ಹಿಡಿದು ಎಫ್3 ಒತ್ತಿ. ಮೊದಲು ಎಫ್3 ಬಿಡಿ, ಆಮೇಲೆ ಆನ್ ಬಿಡಿ. ಇದು ವಾರ್ಮ್ ಸ್ಟಾರ್ಟ್. ಸ್ಟ್ಯಾಕ್‌ನಲ್ಲಿ, ಅಂದರೆ ಪರದೆಯ ಮೇಲೆ ಸದ್ಯದ ಲೆಕ್ಕಕ್ಕೆ ಸಾಲಾಗಿ ಇಟ್ಟಿದ್ದದ್ದು ಹೋಗುತ್ತದೆ, ಉಳಿಸಿಟ್ಟ ಪ್ರೋಗ್ರಾಮ್ ಹೋಗುವುದಿಲ್ಲ. ಜಾಸ್ತಿ ಸಲ ಇಲ್ಲಿಗೇ ಸರಿಹೋಗುತ್ತದೆ.

ನಮಗೆ ಸರಿಹೋಗಲಿಲ್ಲ. ಹಾಗಾಗಿ ಆನ್, ಎಫ್1, ಎಫ್6 ಮೂರನ್ನೂ ಒಟ್ಟಿಗೆ ಹಿಡಿದು ಬಿಟ್ಟೆವು. ಇದು ಮೆಮೊರಿ ಅಳಿಸುವ ದಾರಿ. ಆದರೆ ಅಳಿಸುವ ಮುಂಚೆ ಯಂತ್ರ ಒಂದು ಪ್ರಶ್ನೆ ಕೇಳುತ್ತದೆ: ಮೆಮೊರಿಯನ್ನು ಉಳಿಸಿಕೊಳ್ಳಲು ಪ್ರಯತ್ನಿಸಲೇ? ಗಾಬರಿಯಲ್ಲಿ ನೋ ಒತ್ತಬೇಡಿ. ಯೆಸ್ ಒತ್ತಿ. ಆಗ ಅದು ನೆನಪಿನೊಳಗೆ ಹುಡುಕಿ, ಸರಿಯಾಗಿ ಉಳಿದದ್ದನ್ನು ಎತ್ತಿಡುತ್ತದೆ. ಆ ಹೊತ್ತು ಕಾಕಾ ಒಂದು ಮಾತೂ ಆಡಲಿಲ್ಲ. ಪ್ರೋಗ್ರಾಮ್‌ಗಳ ಹೆಸರು ಒಂದೊಂದಾಗಿ ಕಂಡಾಗ ನನಗೇ ಕಣ್ಣು ತುಂಬಿ ಬಂತು.

ಕೀಲಿಗಳೇ ಕೆಲಸ ಮಾಡದಿದ್ದರೆ ಹಿಂದೆ ಒಂದು ಸಣ್ಣ ತೂತು ಇದೆ, ರೀಸೆಟ್. ಪೇಪರ್ ಕ್ಲಿಪ್ ನೆಟ್ಟಗೆ ಮಾಡಿ ಒತ್ತಬೇಕು. ಮೆಮೊರಿ ಉಳಿಯುತ್ತದೆ ಅಂತ ನಂಬಿ ಅದನ್ನು ಒತ್ತಬೇಡಿ, ಅದು ಕೊನೆಯ ದಾರಿ.

ಬೇರೆ ಮಾಡೆಲ್ ಇರುವವರಿಗೆ ಬೇಗ ಹೇಳುತ್ತೇನೆ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿಯ ಟಿಐ-84 ಪ್ಲಸ್‌ನಲ್ಲಿ ಮೊದಲು ಆನ್ ಒತ್ತಿ ನೋಡಿ. ಆಗದಿದ್ದರೆ ಒಂದು ಸೆಲ್ ತೆಗೆದು ಮತ್ತೆ ಹಾಕಬೇಕಾಗುತ್ತದೆ. ರ‍್ಯಾಮ್ ಅಳಿಸಿಹೋಗಬಹುದು. ಆರ್ಕೈವ್‌ಗೆ ಹಾಕಿದ್ದು ಕರೆಂಟ್ ಇಲ್ಲದಿದ್ದರೂ ಉಳಿಯುವ ಫ್ಲ್ಯಾಶ್ ಮೆಮೊರಿಯಲ್ಲಿರುವುದರಿಂದ ಹೋಗುವುದಿಲ್ಲ. ಟಿಐ-89ರಲ್ಲಿ ಸೆಕೆಂಡ್ ಕೀ, ಎಡ ಬಾಣ, ಬಲ ಬಾಣ ಹಿಡಿದು ಆನ್ ಒತ್ತಬೇಕು.

(ಮತ್ತೆ 50ಜಿ. ಪರದೆಯ ಮೇಲಿನ ಸಾಲು ತೋರಿಸುವುದು.)

ಈಗ ನನಗೆ ತುಂಬಾ ಮುಖ್ಯ ಅನಿಸುವ ವಿಷಯ. ಕ್ಯಾಲ್ಕ್ಯುಲೇಟರ್ ಎದ್ದಿದೆ, ಪ್ರೋಗ್ರಾಮ್ ಇವೆ. ಆದರೂ ಅದನ್ನು ಹಾಗೇ ಹೊಲಕ್ಕೆ ಒಯ್ಯಬೇಡಿ. ಮೆಮೊರಿ ಅಳಿಸುವ ದಾರಿ ಹಿಡಿದ ಮೇಲೆ ಸೆಟ್ಟಿಂಗ್‌ಗಳು ಕಂಪನಿಯಿಂದ ಬಂದಾಗ ಇದ್ದ ಸ್ಥಿತಿಗೆ ಹೋಗುತ್ತವೆ. 50ಜಿಯಲ್ಲಿ ಕೋನ ಆಗ ಡಿಗ್ರಿಯಲ್ಲಲ್ಲ, ರೇಡಿಯನ್ ಅನ್ನುವ ಬೇರೆ ಅಳತೆಯಲ್ಲಿ ಇರುತ್ತದೆ. ದಶಮಾಂಶ ಚುಕ್ಕೆ ಸೇರಿಸಿ ಸೈನ್ 30.0 ಒತ್ತಿ ನೋಡಿ. ಡಿಗ್ರಿಯಲ್ಲಿದ್ದರೆ 0.5 ಬರಬೇಕು. ನಮಗೆ ಬಂದದ್ದು ಮೈನಸ್ 0.988. ಪರದೆ ಏನೂ ತಪ್ಪು ಅನ್ನುವುದಿಲ್ಲ, ಲೆಕ್ಕ ಮಾತ್ರ ಪೂರ್ತಿ ತಪ್ಪು. ಒಬ್ಬರ ಜಮೀನಿನ ಗಡಿ ಇದರ ಮೇಲೆ ನಿಂತಿರುತ್ತದೆ, ಅಲ್ವಾ?

ಮೋಡ್ ಕೀ ಒತ್ತಿ ಡಿಗ್ರಿಗೆ ಬದಲಿಸಿದೆವು, ಮೊದಲು ಸಂಖ್ಯೆ, ಆಮೇಲೆ ಕೂಡು-ಕಳೆ ಒತ್ತುವ ಆರ್‌ಪಿಎನ್ ಕ್ರಮಕ್ಕೂ ಬದಲಿಸಿದೆವು. ಆಮೇಲೆ ಎಸ್‌ಡಿ ಕಾರ್ಡ್ ಹಾಕಿ, ಆರ್ಕೈವ್ ಆಜ್ಞೆಯಿಂದ ಎಲ್ಲವನ್ನೂ ಅದರಲ್ಲಿ ಉಳಿಸಿದೆವು. 2 ಜಿಬಿ ಮೀರದ ಹಳೆ ಕಾರ್ಡ್ ಸಾಕು.

ಕೊನೆಗೆ ಕಾಕಾ ತಮ್ಮ ಹೊಲದ ಪ್ರೋಗ್ರಾಮ್ ತೆರೆದರು. ಪ್ರತಿ ಬದಿಯ ಬೇರಿಂಗ್ (ಉತ್ತರದಿಂದ ಎಷ್ಟು ಡಿಗ್ರಿ ತಿರುಗಿದೆ ಅನ್ನುವುದು) ಮತ್ತು ಅಳತೆ ಕೊಟ್ಟರೆ ಅದು ಎಕರೆ, ಗುಂಟೆ ಹೇಳುತ್ತದೆ. ನಾಲ್ಕು ಬದಿ, ಒಂದೊಂದು 33 ಅಡಿ. ಬೇರಿಂಗ್ 0, 90, 180, 270. 33ನ್ನು 33ರಿಂದ ಗುಣಿಸಿದರೆ 1089 ಚದರ ಅಡಿ, ಅಂದರೆ ಸರಿಯಾಗಿ ಒಂದು ಗುಂಟೆ.

ಪರದೆ ಮೇಲೆ ಬಂತು: 0 ಎಕರೆ, 1 ಗುಂಟೆ.

"ಸರಿ ಐತಿ," ಅಂದರು ಕಾಕಾ.